ಹತ್ತು ಗಂಟೆಯ ಕರ್ಫ್ಯೂ: ಮಗನನ್ನು ನಿಲ್ಲಿಸಿದರೆ ಎಲ್ಲಿಗೆ ಕರೆದೊಯ್ಯುತ್ತಾರೆ?

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಫಿಲಡೆಲ್ಫಿಯಾಗೆ ಬಂದು ಒಂದು ವರ್ಷವಾಯಿತು. ಮಗನಿಗೆ 15, ಮಗಳಿಗೆ 12. ಮಗ ವಾರದಲ್ಲಿ ಎರಡು ಮೂರು ದಿನ ಹತ್ತಿರದ ರೆಕ್ರಿಯೇಷನ್ ಸೆಂಟರಿಗೆ ಬ್ಯಾಸ್ಕೆಟ್‌ಬಾಲ್ ಆಡಲು ಹೋಗುತ್ತಾನೆ. ಆಟ ಮುಗಿದ ಮೇಲೆ ಗೆಳೆಯರ ಜೊತೆ ಪಿಜ್ಜಾ ಅಂಗಡಿ, ಹರಟೆ. ಮನೆ ಸೇರುವಾಗ ಹತ್ತೂವರೆ. ಇಲ್ಲಿ ಹತ್ತು ಗಂಟೆ ಮೇಲೆ ಮಕ್ಕಳು ಹೊರಗಿರಬಾರದು ಎಂದು ಕಾನೂನಿದೆಯಂತೆ. ಪೊಲೀಸರು ಹಿಡಿದು ಯಾವುದೋ ಸೆಂಟರಿಗೆ ಹಾಕುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ನಮ್ಮ ಯಜಮಾನರು ‘ಒಳ್ಳೇದೇ ಆಯ್ತು, ಸ್ವಲ್ಪ ಹೆದರಿಕೆ ಇರಲಿ’ ಅನ್ನುತ್ತಾರೆ. ನಮಗೆ ಕರ್ಫ್ಯೂ ಅಂದರೆ ಗಲಾಟೆ, ಲಾಠಿ, 144 ಇಷ್ಟೇ ಗೊತ್ತು. ಮಗನಿಗೆ ಏನಾದರೂ ಕೇಸ್ ಆಗುತ್ತದಾ? ಇಂಥ ಕಾನೂನಿನಿಂದ ಮಕ್ಕಳಿಗೆ ನಿಜವಾಗಿ ಒಳ್ಳೆಯದಾಗುತ್ತದಾ? ಮಗಳ ವಿಷಯದಲ್ಲಿ ಏನು ಮಾಡಬೇಕು?

ಉತ್ತರ: ಮೊದಲು ನೀವು ಇವತ್ತು ರಾತ್ರಿ ನಿದ್ದೆ ಮಾಡುವುದಕ್ಕೆ ಬೇಕಾದ ಮಾತು. ಹತ್ತು ಗಂಟೆ ಮೇಲೆ ರಸ್ತೆಯಲ್ಲಿ ಕಂಡ ಎಂಬ ಒಂದೇ ಕಾರಣಕ್ಕೆ ನಿಮ್ಮ ಮಗನನ್ನು ಲಾಕಪ್ಪಿನಲ್ಲಿ ಕೂರಿಸುವುದಿಲ್ಲ. ಪೊಲೀಸರು ಮೊದಲು ಮಾಡಬೇಕಾದ್ದು ಅವನನ್ನು ಮನೆಗೆ ಮುಟ್ಟಿಸುವುದು. ಮನೆಯಲ್ಲಿ ದೊಡ್ಡವರು ಯಾರೂ ಸಿಗದಿದ್ದರೆ ಆಗ ಬರುತ್ತದೆ ನಿಮ್ಮ ಪಕ್ಕದ ಮನೆಯವರು ಹೇಳಿದ ಸೆಂಟರ್. ಅದು ಜೈಲೂ ಅಲ್ಲ, ರಿಮ್ಯಾಂಡ್ ಹೋಮೂ ಅಲ್ಲ.

ಅಮೆರಿಕದಲ್ಲಿ ದೊಡ್ಡವರು ಮಾಡಿದರೆ ತಪ್ಪಲ್ಲದ, ಮಕ್ಕಳು ಮಾಡಿದರೆ ಮಾತ್ರ ತಪ್ಪಾಗುವ ಕೆಲವು ವಿಷಯಗಳಿವೆ. ಸ್ಕೂಲಿಗೆ ಚಕ್ಕರ್ ಹೊಡೆಯುವುದು, ಮನೆ ಬಿಟ್ಟು ಹೋಗುವುದು, ಕರ್ಫ್ಯೂ ಮೀರುವುದು. ಇವನ್ನು ಸ್ಟೇಟಸ್ ಅಫೆನ್ಸ್ ಅನ್ನುತ್ತಾರೆ. 1974ರಲ್ಲೇ ಕೇಂದ್ರ ಸರ್ಕಾರ ಮಕ್ಕಳ ನ್ಯಾಯದ ಬಗ್ಗೆ ಒಂದು ಕಾಯ್ದೆ ತಂದಿತು. ಇಂಥ ಮಕ್ಕಳನ್ನು ಬೀಗ ಹಾಕಿದ ಜಾಗದಲ್ಲಿ ಇಡಬಾರದು ಎಂಬುದು, ಆ ಕಾಯ್ದೆಯಡಿ ಹಣ ಪಡೆಯುವ ರಾಜ್ಯಗಳಿಗೆ ಹಾಕಿದ ಮುಖ್ಯ ಷರತ್ತುಗಳಲ್ಲಿ ಒಂದು. ಪೊಲೀಸರಿಗೆ ಅಂದಿನಿಂದ ಒಂದು ಪೇಚು ಇದ್ದೇ ಇತ್ತು. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಸಿಕ್ಕ, ಮನೆಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಿಸಿಕೊಳ್ಳುವುದು? ಫಿಲಡೆಲ್ಫಿಯಾ ಕಂಡುಕೊಂಡ ಉತ್ತರವೇ ಈ ಸೆಂಟರುಗಳು.

ಈಗ ಸಮಯದ ವಿಷಯ. 14ರಿಂದ 17 ವರ್ಷದವರಿಗೆ ರಾತ್ರಿ 10ಕ್ಕೆ ಕರ್ಫ್ಯೂ ಶುರು. 13 ಮತ್ತು ಅದಕ್ಕಿಂತ ಚಿಕ್ಕವರಿಗೆ 9.30ಕ್ಕೆ. ಎರಡೂ ಬೆಳಿಗ್ಗೆ 6ರ ತನಕ. ಮೊದಲು 16, 17ರ ಹುಡುಗರಿಗೆ ನಡುರಾತ್ರಿಯವರೆಗೂ ಬಿಡುವಿತ್ತು. 2022ರ ಬೇಸಿಗೆಯಲ್ಲಿ ಅದನ್ನು ತಾತ್ಕಾಲಿಕವಾಗಿ ಹತ್ತಕ್ಕೆ ಇಳಿಸಿದರು, ಡಿಸೆಂಬರಿನಲ್ಲಿ ಸಿಟಿ ಕೌನ್ಸಿಲ್ ಅದನ್ನೇ ಕಾಯಂ ಮಾಡಿತು. ಅಪ್ಪ ಅಮ್ಮ ಜೊತೆಗಿದ್ದರೆ ಕರ್ಫ್ಯೂ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಹೋಗಿ ಬರುವ ಹುಡುಗರಿಗೆ, ತುರ್ತು ಸಂದರ್ಭಕ್ಕೆ, ಸ್ವಂತ ಮನೆಯ ಮುಂದಿನ ಫುಟ್‌ಪಾತಿನಲ್ಲಿ ನಿಂತವರಿಗೆ ವಿನಾಯಿತಿ ಇದೆ. ದೊಡ್ಡವರ ಉಸ್ತುವಾರಿಯಲ್ಲಿ ನಡೆಯುವ ಶಾಲೆಯ, ಧರ್ಮದ, ಆಟೋಟದ ಕಾರ್ಯಕ್ರಮಕ್ಕೂ ಇದೆ. ಅಂದರೆ ಕೋಚ್ ಇರುವ ಆಟ ಮುಗಿಸಿ ನೇರ ಮನೆಗೆ ನಡೆದು ಬರುವ ನಿಮ್ಮ ಮಗನಿಗೆ ಹೇಳಿಕೊಳ್ಳಲು ಕಾರಣವಿದೆ. ಪಿಜ್ಜಾ ಅಂಗಡಿಯ ಮುಂದೆ ಹತ್ತೂಕಾಲಿಗೆ ನಿಂತವನಿಗೆ ಆ ಕಾರಣ ಸಿಗುವುದಿಲ್ಲ.

ಇನ್ನು ಸೆಂಟರ್. ಪೂರ್ತಿ ಹೆಸರು ಕಮ್ಯೂನಿಟಿ ಈವನಿಂಗ್ ರಿಸೋರ್ಸ್ ಸೆಂಟರ್. ಮೊದಲ ಎರಡು ಶುರುವಾಗಿದ್ದು 2022ರ ಆರಂಭದ ಹೊತ್ತಿಗೆ, ಆಮೇಲೆ ಬೇರೆ ಬೇರೆ ಭಾಗಗಳಲ್ಲಿ ಇನ್ನಷ್ಟು ಬಂದವು. 10ರಿಂದ 17 ವರ್ಷದ ಮಕ್ಕಳಿಗೆ. ಸಂಜೆ 7ರಿಂದ ರಾತ್ರಿ 2ರ ತನಕ ತೆರೆದಿರುತ್ತವೆ. ಹಣ ನಗರದ ಮಾನವ ಸೇವಾ ಇಲಾಖೆಯದು, ನಡೆಸುವವರು ಆಯಾ ಬಡಾವಣೆಯ ಸಂಸ್ಥೆಗಳು. ನನ್ನ ಪ್ರಕಾರ ಈ ವ್ಯವಸ್ಥೆಯ ಜೀವ ಇರುವುದು ಈ ಕೊನೆಯ ವಿಷಯದಲ್ಲಿ. ಬಾಗಿಲು ತೆಗೆಯುವವರು ಅದೇ ಬೀದಿಗಳನ್ನು ಬಲ್ಲವರು. ಹುಡುಗನ ಚಿಕ್ಕಮ್ಮನೋ, ಅಜ್ಜಿಯೋ, ಹಳೆಯ ಟೀಚರೋ ಅವರಿಗೆ ಗೊತ್ತಿರುವ ಸಾಧ್ಯತೆ ಜಾಸ್ತಿ. ಬಿಸಿ ಊಟ ಕೊಡುತ್ತಾರೆ. ಹೋಂವರ್ಕ್ ಇದ್ದರೆ ಮಾಡಿಸುತ್ತಾರೆ. ಜಗಳವಾಗಿ ಬಂದಿದ್ದರೆ ಕೂರಿಸಿ ಮಾತಾಡುತ್ತಾರೆ. ಮನೆಯವರನ್ನು ಹುಡುಕಿ, ಮಗು ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಳ್ಳುತ್ತಾರೆ. ಆ ಮನೆಗೆ ಬೇರೆ ನೆರವು ಬೇಕೆಂದು ಕಂಡರೆ ಮರುದಿನದಿಂದ ಅದರ ಬೆನ್ನು ಹತ್ತುತ್ತಾರೆ. ಇನ್ನೊಂದು ಮುಖ್ಯ ವಿಷಯ, ಪೊಲೀಸರೇ ಕರೆತರಬೇಕೆಂದಿಲ್ಲ. ಮಕ್ಕಳು ತಾವಾಗಿಯೇ ನಡೆದು ಬರಬಹುದು.

ಹದಿಹರೆಯದವರ ಜೊತೆ ಕೆಲಸ ಮಾಡುವವಳು ನಾನು. ರಾತ್ರಿ ಹೊರಗಿರುವ ಮಕ್ಕಳ ಬಗ್ಗೆ ದೊಡ್ಡವರ ತಲೆಯಲ್ಲಿ ಇರುವ ಚಿತ್ರವೇ ಬೇರೆ, ಎದುರಿಗೆ ಬಂದು ಕೂರುವ ಮಗುವೇ ಬೇರೆ. ಒಬ್ಬಳು ಹುಡುಗಿ ನೆನಪಾಗುತ್ತಾಳೆ. ಅಮ್ಮನದು ನೈಟ್ ಶಿಫ್ಟ್. ಮನೆಯಲ್ಲಿ ಅಮ್ಮನ ಗೆಳೆಯ ಕುಡಿದು ಕೂರುತ್ತಿದ್ದ. ಇವಳು ಒಂದು ಬುಟ್ಟಿ ಬಟ್ಟೆ ಹಿಡಿದುಕೊಂಡು ರಾತ್ರಿಯಿಡೀ ತೆರೆದಿರುವ ಲಾಂಡ್ರಿಗೆ ಹೋಗುತ್ತಿದ್ದಳು. ಅಲ್ಲಿ ಬೆಳಕಿದೆ, ಬೆಚ್ಚಗಿರುತ್ತದೆ, ಮೆಷಿನ್ ತಿರುಗುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಬುಟ್ಟಿಯಲ್ಲಿ ಇದ್ದದ್ದು ಪ್ರತಿ ಸಲವೂ ಅದೇ ಒಗೆದ ಬಟ್ಟೆ. ಒಗೆಯುವುದಕ್ಕೆ ಕಾಸಿಲ್ಲದ ದಿನ ಸುಮ್ನೆ ಮಡಿಸುತ್ತ, ಬಿಡಿಸುತ್ತ ಕೂರುತ್ತಿದ್ದಳಂತೆ. ಕರ್ಫ್ಯೂ ಕಾಗದದ ಪ್ರಕಾರ ಅವಳು ತಪ್ಪಿತಸ್ಥೆ. ಅವಳನ್ನು ‘ಮನೆಗೆ ಮುಟ್ಟಿಸಿ’ ಕೈ ತೊಳೆದುಕೊಂಡರೆ ಯಾರಿಗೆ ಉಪಕಾರವಾಯಿತು ಹೇಳಿ? ಅವಳಿಗೆ ಬೇಕಿದ್ದದ್ದು ರಾತ್ರಿ ಎರಡರ ತನಕ ತೆರೆದ ಒಂದು ಬಾಗಿಲು, ಅದರೊಳಗೆ ಊಟ ಆಯ್ತಾ ಎಂದು ಕೇಳುವ ಒಬ್ಬರು, ಮರುದಿನ ಅಮ್ಮನ ಹತ್ತಿರ ಕೂತು ಮಾತಾಡುವ ಇನ್ನೊಬ್ಬರು.

ಫಿಲಡೆಲ್ಫಿಯಾ ಯಾವಾಗಲೂ ಹೀಗೆ ಯೋಚಿಸುತ್ತಿತ್ತು ಎಂದೇನಲ್ಲ. 2011ರಲ್ಲಿ ಹುಡುಗರ ಗುಂಪುಗಳು ನಗರದ ಮಧ್ಯಭಾಗದಲ್ಲಿ ದಾಳಿ ಮಾಡಿದವು ಎಂದು ದೊಡ್ಡ ಸುದ್ದಿಯಾದಾಗ ಆಗಿನ ಮೇಯರ್ ಮೈಕೆಲ್ ನಟ್ಟರ್ ಸೆಂಟರ್ ಸಿಟಿ ಮತ್ತು ಯೂನಿವರ್ಸಿಟಿ ಸಿಟಿಯಲ್ಲಿ ಶುಕ್ರವಾರ, ಶನಿವಾರ ರಾತ್ರಿ 9ಕ್ಕೇ ಕರ್ಫ್ಯೂ ಹಾಕಿದ್ದರು. ಅದು ಹೆದರಿಸುವ ಕರ್ಫ್ಯೂ. ಹತ್ತು ವರ್ಷದ ನಂತರ, 2021ರಲ್ಲಿ, ನಗರದಲ್ಲಿ 562 ಕೊಲೆಗಳಾದವು. ಫಿಲಡೆಲ್ಫಿಯಾದ ಇತಿಹಾಸದಲ್ಲೇ ಅಷ್ಟು ಆಗಿರಲಿಲ್ಲ. ಸತ್ತವರಲ್ಲಿ, ಗುಂಡೇಟು ತಿಂದವರಲ್ಲಿ ಮಕ್ಕಳೂ ಇದ್ದರು. 2022ರ ಜೂನ್ 4ರ ಶನಿವಾರ ರಾತ್ರಿ ಜನ ತುಂಬಿದ್ದ ಸೌತ್ ಸ್ಟ್ರೀಟಿನಲ್ಲಿ ಗುಂಡು ಹಾರಿ ಮೂವರು ಸತ್ತರು, 11 ಮಂದಿ ಗಾಯಗೊಂಡರು. ಕರ್ಫ್ಯೂ ಬಿಗಿಯಾದದ್ದು ಆ ಬೇಸಿಗೆಯಲ್ಲಿ. ಅಮ್ಮಂದಿರೇ ಬಂದು ‘ಮಕ್ಕಳನ್ನು ರಸ್ತೆಯಿಂದ ಒಳಗೆ ಕರೆಯಿರಿ’ ಎಂದು ಕೇಳುವಂಥ ಕಾಲ ಅದು. ಹಾಗಾಗಿ ಈ ಕಾನೂನನ್ನು ಬರೀ ಮಕ್ಕಳ ಮೇಲಿನ ಸಿಟ್ಟು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹಿಂದೆ ನಿಜವಾದ ಭಯ ಇತ್ತು.

ಆಮೇಲೆ ಕೊಲೆಗಳು ಇಳಿದವು. 2022ರಲ್ಲಿ 516, 2023ರಲ್ಲಿ 410, 2024ರಲ್ಲಿ 269. ಕರ್ಫ್ಯೂ ಪರ ಇರುವವರು ಈ ಅಂಕಿಗಳನ್ನು ತೋರಿಸಿದರೆ ನೀವು ಒಪ್ಪಬೇಡಿ. ಅದೇ ವರ್ಷಗಳಲ್ಲಿ ಅಮೆರಿಕದ ಬಹುತೇಕ ದೊಡ್ಡ ನಗರಗಳಲ್ಲಿ ಕೊಲೆ ಇಳಿಯಿತು. ಕರ್ಫ್ಯೂ ಇದ್ದ ಊರಲ್ಲೂ ಇಳಿಯಿತು, ಇಲ್ಲದ ಊರಲ್ಲೂ ಇಳಿಯಿತು.

ಹಾಗಾದರೆ ಕರ್ಫ್ಯೂವಿನಿಂದ ಉಪಯೋಗ ಇದೆಯಾ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗಡಿಯಾರ ನೋಡಿ ಮಕ್ಕಳನ್ನು ಒಳಗೆ ಕಳಿಸುವುದರಿಂದ ಮಾತ್ರ ಅಪರಾಧ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ತೀರಾ ದುರ್ಬಲ. ಅಮೆರಿಕದಲ್ಲಿ ಮಕ್ಕಳ ಕರ್ಫ್ಯೂ ಹೊಸದಲ್ಲ. 1880ರಲ್ಲಿ ನೆಬ್ರಾಸ್ಕಾದ ಒಮಾಹಾ ನಗರದಿಂದ ಶುರು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 1990ರ ದಶಕದಲ್ಲಿ ಅದು ಊರೂರಿಗೂ ಹಬ್ಬಿತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಬಹಿರಂಗವಾಗಿ ಬೆಂಬಲಿಸಿದರು. ಇಷ್ಟು ದೊಡ್ಡ ಪ್ರಯೋಗದ ಫಲ ಏನು ಎಂದು ಅಪರಾಧಶಾಸ್ತ್ರಜ್ಞ ಡೇವಿಡ್ ವಿಲ್ಸನ್ ಮತ್ತು ಜೊತೆಗಾರರು ನಂಬಬಹುದಾದ 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕ್ಯಾಂಪ್‌ಬೆಲ್ ಸಂಸ್ಥೆ 2016ರಲ್ಲಿ ಅದನ್ನು ಪ್ರಕಟಿಸಿತು. ಕರ್ಫ್ಯೂ ಸಮಯದಲ್ಲಿ ಮಕ್ಕಳ ಅಪರಾಧ ಕೂದಲೆಳೆಯಷ್ಟು ಹೆಚ್ಚಾಗಿತ್ತು, ಇಡೀ ದಿನದ ಲೆಕ್ಕದಲ್ಲಿ ಕೂದಲೆಳೆಯಷ್ಟು ಕಡಿಮೆಯಾಗಿತ್ತು. ಎರಡೂ ಸೊನ್ನೆಗೆ ಅಂಟಿಕೊಂಡ ಸಂಖ್ಯೆಗಳೇ. ಅಪರಾಧಕ್ಕೆ ಬಲಿಯಾಗುವ ಮಕ್ಕಳ ಸಂಖ್ಯೆಯೂ ಬದಲಾಗಲಿಲ್ಲ.

ಇದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ವಾಷಿಂಗ್ಟನ್ ಡಿಸಿಯ ಅಧ್ಯಯನ. ಅಲ್ಲಿ ಜುಲೈ, ಆಗಸ್ಟಿನಲ್ಲಿ ಕರ್ಫ್ಯೂ ನಡುರಾತ್ರಿಗೆ ಶುರುವಾಗುತ್ತಿತ್ತು. ಸೆಪ್ಟೆಂಬರ್ 1ರಿಂದ ವಾರದ ದಿನಗಳಲ್ಲಿ ಒಂದು ಗಂಟೆ ಮೊದಲೇ, 11ಕ್ಕೆ. ಜಿಲಿಯನ್ ಕಾರ್ ಮತ್ತು ಜೆನಿಫರ್ ಡೋಲಿಯಾಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಒಂದು ಗಂಟೆಯನ್ನೇ ಹಿಡಿದುಕೊಂಡರು. ಜನ ಪೊಲೀಸರಿಗೆ ಕೊಟ್ಟ ದೂರುಗಳನ್ನು ನಂಬದೆ, ಗುಂಡಿನ ಸದ್ದನ್ನು ತಾನಾಗಿ ಗುರುತಿಸುವ ಮೈಕ್ ಸಾಧನಗಳ ದಾಖಲೆ ತೆಗೆದುಕೊಂಡರು. ಕರ್ಫ್ಯೂ 11ಕ್ಕೆ ಇಳಿದಾಗ 11ರಿಂದ 12ರ ನಡುವೆ ಗುಂಡು ಹಾರಿದ ಘಟನೆಗಳು ಸುಮಾರು ಶೇ 150ರಷ್ಟು ಹೆಚ್ಚಾಗಿದ್ದವು! ಅವರ ವಿವರಣೆ ಇದು: ಕರ್ಫ್ಯೂ ಇದ್ದಾಗ ಬೀದಿಯಿಂದ ಮೊದಲು ಮಾಯವಾಗುವವರು ಮಾತು ಕೇಳುವ ಮಕ್ಕಳು, ಅವರ ಜೊತೆಗಿರುವ ಅಣ್ಣಂದಿರು, ಮನೆಯವರು. ನೋಡುವ ಕಣ್ಣುಗಳು ಕಡಿಮೆಯಾದ ಬೀದಿಯಲ್ಲಿ ಬಂದೂಕು ಹಿಡಿದವನಿಗೆ ಧೈರ್ಯ ಬರುತ್ತದೆ.

ವಿರುದ್ಧದ ಸಾಕ್ಷ್ಯವೂ ಇದೆ, ಅದನ್ನೂ ಹೇಳಬೇಕು. ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಕ್ಲೈನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ಫ್ಯೂ ಬಂದ ನಗರಗಳಲ್ಲಿ ಆ ವಯಸ್ಸಿನ ಮಕ್ಕಳ ಬಂಧನಗಳು ನಂತರದ ವರ್ಷಗಳಲ್ಲಿ ಇಳಿದದ್ದು ಕಂಡಿತು. ಆದರೆ ಬಂಧನ ಅಂದರೆ ಪೊಲೀಸರು ಏನು ಮಾಡಿದರು ಎಂಬ ಲೆಕ್ಕ. ಮಕ್ಕಳು ಏನು ಮಾಡಿದರು ಎಂಬುದಕ್ಕೆ ಅದು ಪೂರ್ತಿ ಕನ್ನಡಿಯಲ್ಲ. ಅಷ್ಟೇ ಅಲ್ಲ, ಮಕ್ಕಳ ಹಿಂಸಾಚಾರ ಶಾಲೆಯಿರುವ ದಿನಗಳಲ್ಲಿ ಏರುವುದು ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ. ಶಾಲೆ ಬಿಟ್ಟಿರುತ್ತದೆ, ಅಪ್ಪ ಅಮ್ಮ ಆಫೀಸಿನಿಂದ ಬಂದಿರುವುದಿಲ್ಲ. ಅಮೆರಿಕದ ಮಕ್ಕಳ ನ್ಯಾಯ ಇಲಾಖೆಯ ಅಂಕಿ ಅಂಶಗಳಲ್ಲಿ ಇದು ವರ್ಷಗಳಿಂದ ಕಾಣುತ್ತಿದೆ. ರಾತ್ರಿ ಹತ್ತರ ಕಾನೂನು ಈ ಹೊತ್ತನ್ನು ಮುಟ್ಟುವುದೇ ಇಲ್ಲ. ಟೆಕ್ಸಾಸ್ 2023ರಲ್ಲಿ ನಗರಗಳು ಮಕ್ಕಳ ಮೇಲೆ ಕರ್ಫ್ಯೂ ಹಾಕುವುದನ್ನೇ ನಿಷೇಧಿಸಿತು. ಬಂದೂಕಿನ ಹಕ್ಕಿಗೆ ಅಷ್ಟು ಅಂಟಿಕೊಂಡ, ಕಾನೂನು ಸುವ್ಯವಸ್ಥೆ ಎಂದು ಮಾತೆತ್ತುವ ರಾಜ್ಯವೇ ಇದನ್ನು ಕೈಬಿಟ್ಟಿದೆ ಎಂದರೆ ಯೋಚಿಸಬೇಕಾದ ವಿಷಯ ಅಲ್ವಾ?

ಇಷ್ಟು ಹೇಳಿ ‘ಹಾಗಾದರೆ ಮಕ್ಕಳಿಗೆ ಸಮಯದ ಮಿತಿಯೇ ಬೇಡ’ ಎನ್ನುವವಳಲ್ಲ ನಾನು. ಸಮಯದ ಮಿತಿ ಚೆನ್ನಾಗಿ ಕೆಲಸ ಮಾಡಿದ ಊರೊಂದಿದೆ. ಐಸ್‌ಲ್ಯಾಂಡ್ ದೇಶದ ರಾಜಧಾನಿ ರೆಕ್ಯಾವಿಕ್. ಜನಸಂಖ್ಯೆ ಸುಮಾರು 1.4 ಲಕ್ಷ. ಅಲ್ಲಿ 12 ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ದೊಡ್ಡವರಿಲ್ಲದೆ ರಾತ್ರಿ 8ರ ನಂತರ ಹೊರಗಿರುವಂತಿಲ್ಲ, 13ರಿಂದ 16ರವರು 10ರ ನಂತರ. ಮೇ 1ರಿಂದ ಸೆಪ್ಟೆಂಬರ್ 1ರ ತನಕ ಇಬ್ಬರಿಗೂ ಎರಡು ಗಂಟೆ ಹೆಚ್ಚು. ಅಲ್ಲಿ ಕತ್ತಲೆಯನ್ನು ನಂಬಿ ಮಕ್ಕಳನ್ನು ಒಳಗೆ ಕರೆಯಲು ಆಗುವುದಿಲ್ಲ. ಜೂನಿನಲ್ಲಿ ನಡುರಾತ್ರಿಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ. ಅದಕ್ಕೇ ಗಂಟೆ ಲೆಕ್ಕ. ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸದೆ ಹುಟ್ಟಿದ ವರ್ಷದಿಂದ ಎಣಿಸುತ್ತಾರೆ. ಒಂದೇ ತರಗತಿಯ ಮಕ್ಕಳಿಗೆಲ್ಲ ಒಂದೇ ಸಮಯ. ‘ಅವನಿಗೆ ಮಾತ್ರ ಯಾಕೆ ಜಾಸ್ತಿ’ ಎಂಬ ಜಗಳಕ್ಕೆ ಅವಕಾಶವೇ ಇಲ್ಲ. ಈ ಸಣ್ಣ ನಿಯಮ ಮಾಡಿದವರಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಈ ಗಂಟೆಗಳನ್ನು ಅಚ್ಚು ಹಾಕಿದ ಮ್ಯಾಗ್ನೆಟ್ಟನ್ನು ಮನೆ ಮನೆಗೆ ಕೊಟ್ಟರು. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು. ಹಾಲು ತೆಗೆಯಲು ಹೋದ ಮಗುವಿನ ಕಣ್ಣಿಗೂ ಬೀಳುತ್ತದೆ, ಅಪ್ಪನ ಕಣ್ಣಿಗೂ ಬೀಳುತ್ತದೆ. ಜಗಳ ಅಪ್ಪ ಮಗನ ನಡುವೆ ಉಳಿಯುವುದಿಲ್ಲ, ‘ಊರಿನ ನಿಯಮ ಕಣಪ್ಪಾ’ ಎಂದು ಹೇಳಿ ಮುಗಿಸಬಹುದು. ವಾರಾಂತ್ಯದ ಸಂಜೆಗಳಲ್ಲಿ ತಂದೆ ತಾಯಂದಿರು ನಾಲ್ಕೈದು ಜನ ಸೇರಿ ಬಡಾವಣೆಯಲ್ಲಿ ಒಂದು ಸುತ್ತು ನಡೆಯುತ್ತಾರೆ. ಹಿಡಿಯುವುದಿಲ್ಲ, ಬೈಯುವುದಿಲ್ಲ. ಕಾಣಿಸಿಕೊಳ್ಳುತ್ತಾರೆ, ಗುರುತಿನ ಮಕ್ಕಳು ಸಿಕ್ಕರೆ ಮಾತಾಡಿಸುತ್ತಾರೆ. ಒಬ್ಬರ ಮಗ ಇನ್ನೊಬ್ಬರಿಗೆ ಪರಿಚಯವಾಗುವುದು ಹೀಗೆ.

ಇದೆಲ್ಲ ಒಂದು ದೊಡ್ಡ ಯೋಜನೆಯ ಭಾಗ. 1990ರ ದಶಕದಲ್ಲಿ ರೆಕ್ಯಾವಿಕ್‌ನ ಹುಡುಗರು ಯುರೋಪಿನಲ್ಲೇ ಜಾಸ್ತಿ ಕುಡಿಯುವವರ ಸಾಲಿನಲ್ಲಿದ್ದರು. ಶುಕ್ರವಾರ ರಾತ್ರಿ ಊರಿನ ನಡುವೆ ಓಡಾಡಲು ಜನ ಹೆದರುತ್ತಿದ್ದರು. ಇಂಗಾ ಡೋರಾ ಸಿಗ್‌ಫುಸ್‌ಡೋಟ್ಟಿರ್ ಮತ್ತು ಅವರ ಸಹೋದ್ಯೋಗಿಗಳು, ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ವಿ ಮಿಲ್ಕ್‌ಮನ್ ಅವರ ಜೊತೆ ಸೇರಿ, ಶಾಲೆ ಶಾಲೆಯಲ್ಲಿ ಮಕ್ಕಳನ್ನೇ ಕೇಳಿ ಮಾಹಿತಿ ಸೇರಿಸಿದರು. ಕುಡಿಯದ ಮಕ್ಕಳಲ್ಲಿ ಏನು ಬೇರೆ ಇದೆ ಎಂದು ನೋಡಿದಾಗ ಕಂಡದ್ದು ಮೂರು ನಾಲ್ಕು ವಿಷಯ: ಹೆಚ್ಚು ಹೊತ್ತು ಅಪ್ಪ ಅಮ್ಮನ ಜೊತೆ ಇರುವುದು, ಕೋಚ್ ಇರುವ ಆಟ ಅಥವಾ ಸಂಗೀತದಂಥ ಚಟುವಟಿಕೆ, ಶಾಲೆಯಲ್ಲಿ ತನ್ನನ್ನು ಕೇಳುವವರಿದ್ದಾರೆ ಎಂಬ ಭಾವನೆ, ರಾತ್ರಿ ತಡವಾಗಿ ಹೊರಗಿರದೆ ಇರುವುದು. ನಗರ ಇವೆಲ್ಲಕ್ಕೂ ಹಣ ಹಾಕಿತು. ಪ್ರತಿ ಮಗುವಿನ ಹೆಸರಿನಲ್ಲಿ ವರ್ಷಕ್ಕೆ ಇಷ್ಟು ಎಂದು ಕ್ರೀಡೆ, ಸಂಗೀತ, ನೃತ್ಯದ ಶುಲ್ಕಕ್ಕೆ ಕೊಟ್ಟಿತು. 2017ರ ಹೊತ್ತಿಗೆ ಅದು 50,000 ಐಸ್‌ಲ್ಯಾಂಡಿಕ್ ಕ್ರೋನಾ. ಆ ದುಡ್ಡು ಮನೆಯ ಖರ್ಚಿಗೆ ಸೇರುವಂತಿಲ್ಲ, ಚಟುವಟಿಕೆಯ ಶುಲ್ಕಕ್ಕೇ ಹೋಗಬೇಕು. 15, 16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡವರು 1998ರಲ್ಲಿ ಶೇ 42 ಇದ್ದದ್ದು 2016ರಲ್ಲಿ ಶೇ 5ಕ್ಕೆ ಬಂತು. ದಿನಾ ಸಿಗರೇಟು ಸೇದುವವರು ಶೇ 23ರಿಂದ ಶೇ 3ಕ್ಕೆ.

ಹುಷಾರಾಗಿ ಓದಬೇಕು. ಆ ವರ್ಷಗಳಲ್ಲಿ ಯುರೋಪಿನ ಬೇರೆ ದೇಶಗಳಲ್ಲೂ ಮಕ್ಕಳ ಕುಡಿತ ಇಳಿಯಿತು. ಐಸ್‌ಲ್ಯಾಂಡ್ ಸಣ್ಣ ದೇಶ, ಕೈಯಲ್ಲಿ ದುಡ್ಡಿರುವ ದೇಶ, ಮನೆಯಲ್ಲಿ ಬಂದೂಕಿದ್ದರೂ ಬೀದಿಯಲ್ಲಿ ಬಂದೂಕಿಲ್ಲದ ದೇಶ. 16 ಲಕ್ಷ ಜನರ ಫಿಲಡೆಲ್ಫಿಯಾಗೆ ಅದನ್ನು ಹಾಗೇ ಎತ್ತಿ ತಂದು ಇಡಲಾಗುವುದಿಲ್ಲ. ನನಗೆ ಅಲ್ಲಿಂದ ಬೇಕಾದ್ದು ಒಂದೇ ಅಂಶ. ಅಲ್ಲಿ ಹತ್ತು ಗಂಟೆ ಅನ್ನುವುದು ಸಂಜೆಯ ಕೊನೆ. ನಾಲ್ಕರಿಂದ ಹತ್ತರ ತನಕ ಆ ಮಗುವಿಗೆ ಹೋಗಲು ಜಾಗವಿದೆ, ಕಲಿಸುವವರಿದ್ದಾರೆ, ಬಿಸಿಯಾದ ಕೋಣೆಯಿದೆ. ಬರೀ ಹತ್ತು ಗಂಟೆಯನ್ನು ಮಾತ್ರ ಎತ್ತಿಕೊಂಡ ಊರುಗಳೇ ಸೋತಿದ್ದು.

ಫಿಲಡೆಲ್ಫಿಯಾ ಈ ಮಧ್ಯದ ಹಾದಿಯಲ್ಲಿದೆ. ನಗರದ ಕೈಯಲ್ಲಿ 150ಕ್ಕೂ ಹೆಚ್ಚು ರೆಕ್ರಿಯೇಷನ್ ಸೆಂಟರುಗಳಿವೆ. ನಿಮ್ಮ ಮಗ ಆಡುವುದೂ ಅಂಥದ್ದೇ ಒಂದರಲ್ಲಿ. 2017ರ ಜನವರಿಯಿಂದ ಸಿಹಿ ಪಾನೀಯಗಳ ಮೇಲೆ ಔನ್ಸಿಗೆ ಒಂದೂವರೆ ಸೆಂಟ್ ತೆರಿಗೆ ಹಾಕಿ, ಅದರಲ್ಲಿ ಒಂದು ಪಾಲನ್ನು ಹಳೆಯ ಸೆಂಟರು, ಲೈಬ್ರರಿ, ಆಟದ ಮೈದಾನಗಳ ದುರಸ್ತಿಗೆ ಇಟ್ಟಿದ್ದಾರೆ. ನೀವು ಕೋಲಾ ಬಾಟಲಿಗೆ ಸ್ವಲ್ಪ ಜಾಸ್ತಿ ಕೊಡುತ್ತಿದ್ದೀರಲ್ಲ, ಅದರ ಒಂದಷ್ಟು ಆ ಅಂಗಳಗಳಿಗೆ ಹೋಗುತ್ತದೆ. ರಾತ್ರಿ ಸೆಂಟರುಗಳನ್ನು ಇದರ ಮುಂದುವರಿಕೆ ಎಂದು ನೋಡಿದರೆ ನಗರದ ದಾರಿ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಅಲ್ಲಿಗೆ ತಾವಾಗಿ ನಡೆದು ಬರುವ ಮಕ್ಕಳು ಎಷ್ಟು, ಪೊಲೀಸ್ ಗಾಡಿಯಲ್ಲಿ ಬರುವವರು ಎಷ್ಟು ಎಂಬುದರ ಮೇಲೆ ನಾನು ಅವುಗಳಿಗೆ ಅಂಕ ಕೊಡುತ್ತೇನೆ. ನಡೆದು ಬರುವವರು ಹೆಚ್ಚಿದಷ್ಟೂ ಸೆಂಟರ್ ಬಡಾವಣೆಗೆ ಸೇರಿದ್ದು ಎಂದರ್ಥ.

ನನಗಿರುವ ದೊಡ್ಡ ಆತಂಕ ಬಾಗಿಲಿನ ಒಳಗಲ್ಲ, ಹೊರಗೆ. ರಸ್ತೆಯಲ್ಲಿ ಯಾರನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಇನ್ನೂ ಪೊಲೀಸರೇ. ಮುಖ ನೋಡಿ ವಯಸ್ಸು ಅಳೆಯಬೇಕು. ಅಮೆರಿಕದಲ್ಲಿ ಕರ್ಫ್ಯೂ ಹೆಸರಿನಲ್ಲಿ ಕಪ್ಪು ಮಕ್ಕಳನ್ನು ಹೆಚ್ಚು ತಡೆಯುತ್ತಾರೆ ಎಂಬ ದೂರು ಹಳೆಯದು, ಅದಕ್ಕೆ ಕಾರಣವೂ ಇದೆ. ಕಂದು ಬಣ್ಣದ, ಎತ್ತರಕ್ಕೆ ಬೆಳೆದ, ತಲೆ ಮೇಲೆ ಜಾಕೆಟ್ಟಿನ ಟೋಪಿ ಎಳೆದುಕೊಂಡ 15ರ ಹುಡುಗನೂ ಈ ಲೆಕ್ಕದಿಂದ ಹೊರಗಿಲ್ಲ. ನೀವು ಹೆದರಿದ್ದು ಸುಮ್ನೆ ಅಲ್ಲ.

ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಹೆದರಿಕೆ ಇರಲಿ ಎಂದು ಅವರು ಹೇಳುವುದು ಮಗನ ಮೇಲಿನ ಪ್ರೀತಿಗೆ, ನನಗೆ ಅರ್ಥವಾಗುತ್ತದೆ. ನಾವೆಲ್ಲ ‘ದೀಪ ಹಚ್ಚೋ ಹೊತ್ತಿಗೆ ಮನೆಯಲ್ಲಿರಬೇಕು’ ಎಂಬ ಮಾತು ಕೇಳಿಯೇ ಬೆಳೆದವರು. ಆದರೆ ಆ ಮಾತಿಗೆ ಬಲ ಇದ್ದದ್ದು ಎದುರು ಮನೆಯ ಅಜ್ಜಿ, ಮೂಲೆ ಅಂಗಡಿಯ ಶೆಟ್ಟರು, ಸೈಕಲ್ ಮೇಲೆ ಹೋಗುವ ಮೇಷ್ಟ್ರು ಎಲ್ಲರಿಗೂ ನಾವು ಯಾರ ಮಕ್ಕಳು ಎಂದು ಗೊತ್ತಿದ್ದದ್ದರಿಂದ. ಈಗ ನಿಮ್ಮ ಮಗನ ಸುತ್ತ ಆ ಜನ ಇಲ್ಲ. ಪೊಲೀಸರಿಗೆ ಹೆದರಿದ ಹುಡುಗ ಪೊಲೀಸರನ್ನು ಕಂಡು ಓಡುತ್ತಾನೆ. ಈ ದೇಶದಲ್ಲಿ ಓಡುವುದು ಎಷ್ಟು ಅಪಾಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಮಗನಿಗೆ ಈಗಲೇ ಹೇಳಿಕೊಡಿ. ಪೊಲೀಸರು ನಿಲ್ಲಿಸಿದರೆ ನಿಲ್ಲಬೇಕು. ಕೈ ಜೇಬಿನಿಂದ ಹೊರಗಿರಬೇಕು, ಫೋನ್ ತೆಗೆಯುವ ಮೊದಲು ‘ಫೋನ್ ತೆಗೆಯುತ್ತೇನೆ’ ಎಂದು ಹೇಳಬೇಕು. ಹೆಸರು, ವಯಸ್ಸು ಸರಿಯಾಗಿ ಹೇಳಬೇಕು. 18 ಎಂದು ಸುಳ್ಳು ಹೇಳಿದರೆ ಸಣ್ಣ ವಿಷಯ ದೊಡ್ಡದಾಗುತ್ತದೆ. ‘ಆಟ ಮುಗಿಸಿ ಮನೆಗೆ ಹೋಗುತ್ತಿದ್ದೇನೆ, ಅಮ್ಮನಿಗೆ ಫೋನ್ ಮಾಡಬಹುದಾ’ ಅಂದರೆ ಸಾಕು. ನಿಮ್ಮಿಬ್ಬರ ನಂಬರ್ ಅವನಿಗೆ ಬಾಯಿಪಾಠ ಇರಲಿ, ರಾತ್ರಿ ಹೊತ್ತು ಫೋನಿನ ಚಾರ್ಜ್ ಯಾವಾಗಲೂ ಕೈಕೊಡುತ್ತದೆ. ಆ ಸಂಜೆಗಳಲ್ಲಿ ನೀವೂ ಫೋನನ್ನು ಸೈಲೆಂಟ್ ಮಾಡಬೇಡಿ. ನೀವು ಫೋನ್ ಎತ್ತಿದರೆ ಸೆಂಟರಿನ ಮಾತೇ ಬರುವುದಿಲ್ಲ. ಕೋಚ್ ನಂಬರ್ ಇಬ್ಬರ ಹತ್ತಿರವೂ ಇರಲಿ.

ಪಿಜ್ಜಾ ಅಂಗಡಿಯ ವಿಷಯಕ್ಕೆ ನೀವೊಬ್ಬರೇ ಮಗನ ಜೊತೆ ಗುದ್ದಾಡಬೇಡಿ. ‘ಎಲ್ಲರೂ ಇರುತ್ತಾರೆ, ನಾನೊಬ್ಬನೇ ಎದ್ದು ಬರಬೇಕಾ’ ಎಂದು ಅವನು ಕೇಳುವುದು ನ್ಯಾಯವಾಗಿಯೇ ಇದೆ. ಆ ತಂಡದ ಇನ್ನು ನಾಲ್ಕು ಮನೆಗಳ ಅಪ್ಪ ಅಮ್ಮಂದಿರನ್ನು ಪರಿಚಯ ಮಾಡಿಕೊಳ್ಳಿ. ಆಟದ ದಿನ ಬೇಗ ಹೋಗಿ ನಿಂತರೆ ಸಿಗುತ್ತಾರೆ. ಒಂಬತ್ತೂಮುಕ್ಕಾಲಿಗೆ ಎಲ್ಲರೂ ಹೊರಡುವುದು, ಸರದಿಯ ಮೇಲೆ ಒಬ್ಬರು ಕಾರಿನಲ್ಲಿ ಬಂದು ಮಕ್ಕಳನ್ನು ಮನೆ ಮನೆಗೆ ಬಿಡುವುದು ಎಂದು ಸೇರಿ ಗೊತ್ತುಮಾಡಿ. ಶನಿವಾರ ಯಾರಾದರೂ ಒಬ್ಬರ ಮನೆಯಲ್ಲಿ ಪಿಜ್ಜಾ ತರಿಸಿದರೆ ಹನ್ನೊಂದರ ತನಕ ಹರಟೆ ಹೊಡೆಯಲಿ, ಮನೆಯೊಳಗೆ ಕರ್ಫ್ಯೂ ಇಲ್ಲ. ನೀವು ಹೊಸಬರು, ಅವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಇರಬಹುದು. ನನ್ನ ಅನುಭವದಲ್ಲಿ ಆ ಅಪ್ಪ ಅಮ್ಮಂದಿರು ಯಾರಾದರೂ ಮೊದಲು ಮಾತೆತ್ತಲಿ ಎಂದೇ ಕಾಯುತ್ತಿರುತ್ತಾರೆ.

ಮಗನನ್ನು ಕರೆದುಕೊಂಡು ನಿಮ್ಮ ಭಾಗದ ಈವನಿಂಗ್ ಸೆಂಟರಿಗೆ ಒಂದು ಸಂಜೆ ಏಳು ಏಳೂವರೆಗೆ ಹೋಗಿ ಬನ್ನಿ. ಒಳಗೆ ಯಾರಿದ್ದಾರೆ, ಊಟಕ್ಕೆ ಏನು, ಮಕ್ಕಳು ಏನು ಮಾಡುತ್ತಾರೆ ನೋಡಿ. ಮನೆಯವರು ಸಿಗದಿದ್ದರೆ ಏನು ಮಾಡುತ್ತೀರಿ, ಮಗುವಿನ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತೀರಿ, ಅದು ಯಾರ ಕೈಗೆ ಹೋಗುತ್ತದೆ ಎಂದು ನೇರವಾಗಿ ಕೇಳಿ. ಒಳ್ಳೆಯ ಕೆಲಸಗಾರರಿಗೆ ಇಂಥ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಆ ಬಾಗಿಲು ಗೊತ್ತಿದ್ದರೆ, ಯಾವತ್ತಾದರೂ ಬೀದಿಯಲ್ಲಿ ಗಲಾಟೆಯಾದಾಗ, ಗೆಳೆಯನೊಬ್ಬನಿಗೆ ಮನೆಗೆ ಹೋಗಲು ಭಯವಾದಾಗ ನಿಮ್ಮ ಮಗನಿಗೆ ಎಲ್ಲಿಗೆ ಓಡಬೇಕೆಂದು ತಿಳಿದಿರುತ್ತದೆ.

ಮಗಳಿಗೆ 12 ಅಂದಿರಿ. ಅವಳ ಸಮಯ 9.30, ಇನ್ನು ಎರಡು ವರ್ಷ ಹಾಗೇ. ಅಣ್ಣನ ಆಟ ನೋಡಲು ಹೋಗುತ್ತಾಳಾದರೆ ನೆನಪಿಡಿ, ಅಣ್ಣ ಜೊತೆಗಿದ್ದಾನೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಅವನೂ ಚಿಕ್ಕವನೇ. ಅವಳನ್ನು ಕರೆತರಲು ನಿಮ್ಮಿಬ್ಬರಲ್ಲಿ ಒಬ್ಬರು ಹೋಗಿ. ಅವಳಿಗೂ ಸಂಜೆ ಹೋಗಲು ತನ್ನದೇ ಒಂದು ಜಾಗ ಈಗಲೇ ಹುಡುಕಿಕೊಡಿ. ಈಜು, ಚಿತ್ರ, ಡ್ಯಾನ್ಸ್, ಏನಾದರೂ ಸರಿ. ಅದೇ ರೆಕ್ರಿಯೇಷನ್ ಸೆಂಟರಿನ ನೋಟಿಸ್ ಬೋರ್ಡಿನಿಂದ ಶುರುಮಾಡಿ, ಅಲ್ಲಿ ಪುಕ್ಕಟೆ ತರಗತಿಗಳೂ ಸಿಗುವುದುಂಟು.